ಒಂದು ಸಲ ಒತ್ತಬೇಕೋ, ಎರಡು ಸಲವೋ?

ಪ್ರಶ್ನೆ: ನಮ್ಮ ತಂದೆ ನಿವೃತ್ತ ಮೇಷ್ಟ್ರು, 72 ವರ್ಷ. ವಿಂಡೋಸ್ 11 ಇರುವ ಲ್ಯಾಪ್‌ಟಾಪ್, ಜೊತೆಗೊಂದು ಮೌಸ್ ತಂದುಕೊಟ್ಟಿದ್ದೇವೆ. ಡಬಲ್ ಕ್ಲಿಕ್ ಮಾಡಿ ಫೋಲ್ಡರ್ ತೆರೆಯಲು ಹೋದರೆ ಹೆಸರು ತಿದ್ದುವ ಡಬ್ಬಿ ಬರುತ್ತದೆ, ಇಲ್ಲವೇ ಫೋಲ್ಡರ್ ಎಲ್ಲೋ ಹೋಗಿ ಕೂರುತ್ತದೆ. ಬ್ಯಾಂಕಿನ ವೆಬ್‌ಸೈಟಿನಲ್ಲಿ ಮಾತ್ರ ಎಲ್ಲದಕ್ಕೂ ಎರಡೆರಡು ಸಲ ಒತ್ತುತ್ತಾರೆ! ಎಲ್ಲ ಕಡೆ ಸಿಂಗಲ್ ಕ್ಲಿಕ್ ಮಾಡಿಬಿಡಬಹುದಾ?
– ಓದುಗರೊಬ್ಬರು, ಹಾಸನ

ಉತ್ತರ: ಮಾಡಬಹುದು. ಅದಕ್ಕೂ ಮುಂಚೆ ಒಂದು ಮಾತು, ಇದರಲ್ಲಿ ಮೇಷ್ಟ್ರ ತಪ್ಪೇನೂ ಇಲ್ಲ. ಡಬಲ್ ಕ್ಲಿಕ್‌ಗೆ ಬೆರಳು ಬೇಗ ಆಡಬೇಕು, ಅದೇ ಹೊತ್ತಿಗೆ ಕೈ ಅಲುಗಬಾರದು. ವಯಸ್ಸಾದವರಿಗೆ ಇವೆರಡೂ ಒಟ್ಟಿಗೆ ಕಷ್ಟ. ವಿಂಡೋಸ್ ಕೊಡುವುದು ಬರೀ ಅರ್ಧ ಸೆಕೆಂಡ್. ಎರಡನೇ ಕ್ಲಿಕ್ ಅದಕ್ಕಿಂತ ತಡವಾಗಿ, ಅದೂ ಹೆಸರಿನ ಮೇಲೇ ಬಿದ್ದರೆ, ಹೆಸರು ಬದಲಿಸಬೇಕೇನೋ ಎಂದು ಕಂಪ್ಯೂಟರ್ ತಿಳಿದುಕೊಳ್ಳುತ್ತದೆ. ಬಟನ್ ಒತ್ತಿದ್ದಾಗಲೇ ಕೈ ಸರಿದರೆ ಫೋಲ್ಡರನ್ನೇ ಎಳೆದುಕೊಂಡು ಹೋಗುತ್ತದೆ.

ಮೊದಲು ಹೀಗಿರಲಿಲ್ಲ. 1981ರ ಜೆರಾಕ್ಸ್ ಸ್ಟಾರ್ ಎಂಬ ಕಂಪ್ಯೂಟರಿನಲ್ಲಿ ಮೌಸ್‌ನಿಂದ ಫೈಲ್ ಆರಿಸಿ, ಕೀಬೋರ್ಡಿನಲ್ಲಿದ್ದ 'ಓಪನ್' ಕೀ ಒತ್ತಿದರೆ ಸಾಕಿತ್ತು. 1983ರಲ್ಲಿ ಆಪಲ್ ಲಿಸಾ ಬಂತು, ಅದರ ಮೌಸ್‌ಗೆ ಇದ್ದದ್ದು ಒಂದೇ ಬಟನ್. ಆರಿಸುವುದಕ್ಕೂ ತೆರೆಯುವುದಕ್ಕೂ ಅದೊಂದೇ ಗತಿ ಆದ್ದರಿಂದ ಒಮ್ಮೆ ಒತ್ತಿದರೆ ಆರಿಸುವುದು, ಬೇಗಬೇಗ ಎರಡು ಸಲ ಒತ್ತಿದರೆ ತೆರೆಯುವುದು ಅಂತಾಯಿತು. ವಿಂಡೋಸ್‌ನವರು ಮೌಸ್‌ಗೆ ಎರಡು ಬಟನ್ ಇದ್ದರೂ ಅದನ್ನೇ ಉಳಿಸಿಕೊಂಡರು. ಆಮೇಲೆ ವೆಬ್ ಬಂತು, ಅಲ್ಲಿ ಲಿಂಕಿಗೆ ಒಂದೇ ಕ್ಲಿಕ್. ಒಂದೇ ಪರದೆಯಲ್ಲಿ ಎರಡು ಕಾನೂನು, ಗೊಂದಲ ಆಗದೆ ಇನ್ನೇನು ಅಲ್ವಾ?

ಈಗ ಕೆಲಸಕ್ಕೆ ಬನ್ನಿ. ಸೆಟ್ಟಿಂಗ್ಸ್, ಬ್ಲೂಟೂತ್ ಆ್ಯಂಡ್ ಡಿವೈಸಸ್, ಮೌಸ್, ಅಡಿಷನಲ್ ಮೌಸ್ ಸೆಟ್ಟಿಂಗ್ಸ್ – ಹೀಗೆ ಹೋದರೆ 'ಡಬಲ್ ಕ್ಲಿಕ್ ಸ್ಪೀಡ್' ಸಿಗುತ್ತದೆ. ಅದನ್ನು ಸ್ಲೋ ಕಡೆಗೆ ಎಳೆಯಿರಿ. ಪಕ್ಕದ ಫೋಲ್ಡರ್ ಚಿತ್ರದ ಮೇಲೆ ಒತ್ತಿ ನೋಡುವುದು ನೀವಲ್ಲ, ತಂದೆಯವರೇ. ಹೆಸರಿನ ಮೇಲೆ ಒತ್ತದೆ ಮೇಲಿನ ಚಿತ್ರದ ಮೇಲೇ ಒತ್ತಲಿ, ಹೆಸರು ತಿದ್ದುವ ಡಬ್ಬಿಯ ಕಾಟ ತಪ್ಪುತ್ತದೆ. ಬಂದರೂ ಎಸ್ಕೇಪ್ ಕೀ ಒತ್ತಿದರೆ ಹೋಗುತ್ತದೆ. ಒಂದು ಸಲ ಕ್ಲಿಕ್ ಮಾಡಿ ಎಂಟರ್ ಒತ್ತಿದರೂ ಫೋಲ್ಡರ್ ತೆರೆಯುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಇಷ್ಟಾದರೂ ಆಗಲಿಲ್ಲ ಅಂದರೆ ಸಿಂಗಲ್ ಕ್ಲಿಕ್. ಸ್ಟಾರ್ಟ್ ಒತ್ತಿ 'ಫೈಲ್ ಎಕ್ಸ್‌ಪ್ಲೋರರ್ ಆಪ್ಷನ್ಸ್' ಎಂದು ಹುಡುಕಿ, 'ಸಿಂಗಲ್ ಕ್ಲಿಕ್ ಟು ಓಪನ್' ಆರಿಸಿ. ವಿಂಡೋಸ್ 98ರ ಕಾಲದಿಂದಲೂ ಇರುವ ಆಯ್ಕೆ ಇದು. ಆದರೆ ಇದರಲ್ಲೊಂದು ಕಿರಿಕಿರಿ ಇದೆ. ಫೈಲ್ ಮೇಲೆ ಸುಮ್ನೆ ಬಾಣ ನಿಂತರೂ ಆ ಫೈಲ್ ಆಯ್ಕೆಯಾಗಿಬಿಡುತ್ತದೆ, ಆಗ ಡಿಲೀಟ್ ಒತ್ತಿದರೆ ನೀವು ಅಂದುಕೊಂಡದ್ದಲ್ಲ, ಬಾಣದ ಕೆಳಗಿರುವುದು ಕಸದಬುಟ್ಟಿಗೆ ಹೋಗುತ್ತದೆ. ಫೋಟೋ ನೋಡುವುದು, ಪಿಡಿಎಫ್ ಓದುವುದು ಇಷ್ಟೇ ಕೆಲಸವಾದರೆ ಕಣ್ಣು ಮುಚ್ಚಿ ಹಾಕಿಕೊಡಿ. ಫೈಲ್ ಸಾಗಿಸುವುದು, ಅಳಿಸುವುದು ಜಾಸ್ತಿ ಇದ್ದರೆ ಬೇಡ. ವಿಂಡೋಸ್ ಬದಲಿಗೆ ಕೆಲವರು ಬಳಸುವ ಲಿನಕ್ಸ್‌ನ ಕೆಡಿಇ ಡೆಸ್ಕ್‌ಟಾಪ್ ಕೂಡ ವರ್ಷಗಟ್ಟಲೆ ಸಿಂಗಲ್ ಕ್ಲಿಕ್ ಇಟ್ಟುಕೊಂಡಿದ್ದು, 2024ರಲ್ಲಿ ಅದರ ಹೊಸ ಆವೃತ್ತಿ ಪ್ಲಾಸ್ಮಾ 6 ಬಂದಾಗ ಡಬಲ್ ಕ್ಲಿಕ್ಕಿಗೆ ಬದಲಾಯಿತು. ಬೇರೆ ಕಡೆಯಿಂದ ಬರುವವರಿಗೆ ಅದೇ ರೂಢಿ ಎಂಬ ಕಾರಣಕ್ಕೆ.

ಬ್ಯಾಂಕಿನ ವಿಷಯ ಬೇರೆ. ಈ ಸೆಟ್ಟಿಂಗ್ ಬ್ರೌಸರಿಗೆ ತಾಗುವುದಿಲ್ಲ, ಅಲ್ಲಿ ಮೊದಲಿಂದಲೂ ಒಂದೇ ಕ್ಲಿಕ್. ಹಣ ಕಳಿಸುವ ಬಟನ್ ಎರಡು ಸಲ ಒತ್ತಿದರೆ, ವೆಬ್‌ಸೈಟ್ ಸರಿಯಾಗಿ ಮಾಡಿಲ್ಲದಿದ್ದಲ್ಲಿ, ಹಣ ಎರಡು ಸಲ ಹೋಗುವ ಅಪಾಯವಿದೆ. ಅದನ್ನು ಮಾತ್ರ ಪಕ್ಕದಲ್ಲಿ ಕೂತು ರೂಢಿ ಮಾಡಿಸಿ.

ಪ್ರಶ್ನೆ: ನನ್ನದು ಉಲ್ಟಾ. ಒಂದೇ ಸಲ ಒತ್ತಿದರೂ ಫೈಲ್ ತೆರೆಯುತ್ತದೆ, ಒಂದು ಟ್ಯಾಬ್ ಮುಚ್ಚಲು ಹೋದರೆ ಎರಡು ಮುಚ್ಚುತ್ತವೆ. ವೈರಸ್ಸಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೌಸ್ ಹಳೆಯದಾಗಿರಬೇಕು. ಬಟನ್ ಒಳಗಿನ ಸ್ವಿಚ್ ಸವೆದರೆ ಒಂದು ಒತ್ತಿಗೆ ಎರಡು ಕ್ಲಿಕ್ ಹೋಗುತ್ತದೆ. ಬೇರೆ ಮೌಸ್ ಹಾಕಿ ನೋಡಿ, ಸರಿಹೋದರೆ ಹಳೆಯದರ ಬಿಲ್ ಹುಡುಕಿ. ವಾರಂಟಿ ಇನ್ನೂ ಇದ್ದರೂ ಇರಬಹುದು.