ತಲೆಗೆ ಜಾಸ್ತಿ, ಎದೆಗೆ ಕಡಿಮೆ?

ಕುಮಟಾದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: "ನಿಮ್ಮ ಮಾಸಿಕ ಈಚೆಗೆ ತಲೆಗೆ ಜಾಸ್ತಿ, ಎದೆಗೆ ಕಡಿಮೆ ಆಗಿದೆ. ಬೈಬಲ್ ಅಧ್ಯಯನ, ಧರ್ಮಸಭೆಯ ಚರಿತ್ರೆ ಅಂತ ಪುಟಗಟ್ಟಲೆ ಹಾಕುತ್ತೀರಿ. ದೇವರಿಗೆ ಬೇಕಾದದ್ದು ಹೃದಯ. ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ಜಪಮಾಲೆ ಹಿಡಿದು ಕೂತರೆ ಕಣ್ಣಲ್ಲಿ ನೀರು. ಸ್ಪೇನಿನ ಸನ್ಯಾಸಿನಿ, ಆವಿಲಾದ ಸಂತ ತೆರೇಸಾ ಕೂಡ ಜಾಸ್ತಿ ಯೋಚಿಸುವುದಲ್ಲ, ಜಾಸ್ತಿ ಪ್ರೀತಿಸುವುದು ಮುಖ್ಯ ಎಂದಿದ್ದಾಳೆ. ಮೊದಲಿನ ಹಾಗೆ ಸಾಕ್ಷಿ ಬರಹಗಳನ್ನು, ಅಂದರೆ ದೇವರು ತಮಗೆ ಮಾಡಿದ ಉಪಕಾರವನ್ನು ಜನ ಹೇಳಿಕೊಳ್ಳುವ ಬರಹಗಳನ್ನು ಹಾಕಿ."

ಅಕ್ಕೋರೇ, ಪತ್ರ ಬಹಳ ಚೆನ್ನಾಗಿದೆ. ಒಂದು ಕಾಗುಣಿತ ತಪ್ಪಿಲ್ಲ. ತಕರಾರು ಕ್ರಮವಾಗಿದೆ, ಆಧಾರವನ್ನೂ ಕೊಟ್ಟಿದ್ದೀರಿ. ಬುದ್ಧಿ ಬೇಡ ಎಂದು ವಾದಿಸಲು ಇಷ್ಟೊಂದು ಬುದ್ಧಿ ಖರ್ಚು ಮಾಡಿದ್ದೀರಲ್ಲ!

ಎಷ್ಟೇ ಜ್ಞಾನವಿದ್ದರೂ ಪ್ರೀತಿ ಇಲ್ಲದಿದ್ದರೆ ನಾನು ಏನೂ ಅಲ್ಲ ಎಂದು ಬೈಬಲಿನಲ್ಲಿ ಸಂತ ಪೌಲ ಬರೆದಿದ್ದಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರ, 13ನೇ ಅಧ್ಯಾಯ. ಒಪ್ಪಿದೆ. ಆದರೆ ಮದುವೆಗಳಲ್ಲೆಲ್ಲ ಆ ಅಧ್ಯಾಯ ಓದಿಸುವ ನಾವು ಒಂದು ಹಾಳೆ ತಿರುಗಿಸುವುದಿಲ್ಲ. 14ನೇ ಅಧ್ಯಾಯದಲ್ಲಿ ಅದೇ ಪೌಲ, ಆತ್ಮದಿಂದಲೂ ಪ್ರಾರ್ಥಿಸುತ್ತೇನೆ, ಬುದ್ಧಿಯಿಂದಲೂ ಪ್ರಾರ್ಥಿಸುತ್ತೇನೆ ಎನ್ನುತ್ತಾನೆ. ಸಭೆಯಲ್ಲಿ ಅರ್ಥವಾಗದ ಹತ್ತು ಸಾವಿರ ಮಾತಿಗಿಂತ ಅರ್ಥವಾಗುವ ಐದು ಮಾತು ಲೇಸು ಎನ್ನುತ್ತಾನೆ. ನಮ್ಮ ಪ್ರಾರ್ಥನಾ ಕೂಟಗಳ ಮೈಕಿನವರು ಇದನ್ನು ಬರೆದು ಎದುರಿಗೆ ಅಂಟಿಸಿಕೊಂಡರೆ ಊರಿಗೇ ಉಪಕಾರ.

ಇನ್ನು ನಿಮ್ಮ ಅಜ್ಜಿಯ ವಿಷಯ. ಓದು ಬಾರದವರಿಗೆ ಬುದ್ಧಿ ಇರಲಿಲ್ಲ ಎಂದು ಯಾರು ಹೇಳಿದರು? ಜಪಮಾಲೆಯ ಹದಿನೈದು ರಹಸ್ಯಗಳು, ಅಂದರೆ ಧ್ಯಾನಿಸಬೇಕಾದ ಪ್ರಸಂಗಗಳು, ಅವರಿಗೆ ಬಾಯಿಪಾಠ ಇದ್ದಿರಬೇಕು, ಅಲ್ವಾ? (ಈಗ ಇಪ್ಪತ್ತು. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಐದು ಸೇರಿಸಿದರು.) ಯಾವ ದಿನ ಯಾವುದು ಎಂದು ಗೊತ್ತಿರಬೇಕು. ಹತ್ತು ಮಣಿ ಮುಗಿಯುವ ತನಕ ಯೇಸುವಿನ ಇಲ್ಲವೇ ತಾಯಿ ಮರಿಯಳ ಬದುಕಿನ ಒಂದೊಂದು ಪ್ರಸಂಗವನ್ನು ಮನಸ್ಸಿನಲ್ಲಿ ಹಿಡಿದಿಡಬೇಕು. ಅದು ಯೋಚನೆ ಅಲ್ಲದೆ ಮತ್ತೇನು? ಅಂಥವರು ಕೂತು ಕೇಳಲೆಂದೇ ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ ಪಕ್ಕದ ಗೋವೆಯಲ್ಲಿ ಕ್ರಿಸ್ತಪುರಾಣ ಬರೆದ. ಅದು 1616ರಲ್ಲಿ ಅಚ್ಚಾಯಿತು. ಸುಮಾರು 11,000 ಓವಿಗಳು, ಅಂದರೆ ಮರಾಠಿ ಪದ್ಯಗಳು. ಜಗತ್ತಿನ ಸೃಷ್ಟಿಯಿಂದ ಯೇಸುವಿನ ಪುನರುತ್ಥಾನದ ತನಕ ಎಲ್ಲ ಅದರಲ್ಲಿದೆ. ನಮ್ಮ ಹಿರಿಯರಿಗೆ ಇಷ್ಟೆಲ್ಲ ಕೇಳುವ ತಾಳ್ಮೆ ಇತ್ತು. ನಮಗೆ ಪಾದ್ರಿಯ ಪ್ರಬೋಧನೆ ಹತ್ತು ನಿಮಿಷ ದಾಟಿದರೆ ಕೈ ಮೊಬೈಲಿಗೆ ಹೋಗುತ್ತದೆ.

ತೆರೇಸಾಳ ಮಾತು ನಿಜ. ಆದರೆ ಅದೇ ತೆರೇಸಾ ತನ್ನ ಜೀವನಕಥೆಯಲ್ಲಿ, ಅರ್ಧಂಬರ್ಧ ಓದಿದ ಪಾಪನಿವೇದನೆಯ ಗುರುಗಳಿಂದ ನನ್ನ ಆತ್ಮಕ್ಕೆ ಬಹಳ ಹಾನಿಯಾಯಿತು ಎಂದು ದೂರಿದ್ದಾಳೆ. ದೊಡ್ಡ ತಪ್ಪನ್ನು ಸಣ್ಣದು ಎಂದರಂತೆ, ಸಣ್ಣದನ್ನು ತಪ್ಪೇ ಅಲ್ಲ ಎಂದರಂತೆ. ಚೆನ್ನಾಗಿ ಓದಿದವರು ನನ್ನನ್ನು ಎಂದೂ ದಾರಿ ತಪ್ಪಿಸಲಿಲ್ಲ ಎಂದೂ ಹೇಳುತ್ತಾಳೆ. ದೇವರ ಪ್ರೀತಿಯಲ್ಲಿ ಮೈಮರೆಯುತ್ತಿದ್ದ ಹೆಂಗಸು ಈಕೆ. 1970ರಲ್ಲಿ ಧರ್ಮಸಭೆ ಇವಳನ್ನು ತನ್ನ ಪಂಡಿತರ ಸಾಲಿಗೆ ಸೇರಿಸಿತು. ಆ ಗೌರವ ಪಡೆದ ಮೊದಲ ಮಹಿಳೆ.

ಶಿಕ್ಷಕಿಯಾದ ನಿಮಗೆ ಇನ್ನೊಬ್ಬರು ಇಷ್ಟವಾಗಬಹುದು. ಯೇಸುಸಭೆ (ಜೆಸ್ವಿಟ್) ಕಟ್ಟಿದ ಲೊಯೋಲಾದ ಇಗ್ನೇಷಿಯಸ್. ಗುಂಡೇಟು ತಿಂದ ಸೈನಿಕ, ಪ್ರಾರ್ಥನೆಗೆ ಕೂತರೆ ಅಳುತ್ತಿದ್ದವನು. ಜನರಿಗೆ ಬೋಧಿಸಬೇಕಾದರೆ ಅಳು ಸಾಕಾಗುವುದಿಲ್ಲ ಎಂದು ಅವನಿಗೆ ಹೊಳೆಯಿತು. 33ನೇ ವಯಸ್ಸಿನಲ್ಲಿ ಬಾರ್ಸಿಲೋನಾದಲ್ಲಿ ಹುಡುಗರ ಜೊತೆ ಕೂತು ಲ್ಯಾಟಿನ್ ವ್ಯಾಕರಣ ಕಲಿತ. ಪ್ರೊಟೆಸ್ಟಂಟರಲ್ಲಿ ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಇದ್ದಾನೆ. 1738ರ ಮೇ 24ರಂದು ಲಂಡನ್ನಿನಲ್ಲಿ ನನ್ನ ಎದೆ ವಿಚಿತ್ರವಾಗಿ ಬೆಚ್ಚಗಾಯಿತು ಎಂದು ಬರೆದುಕೊಂಡವನು. ಎಲ್ಲರೂ ಅಷ್ಟನ್ನೇ ಹೇಳುತ್ತಾರೆ. ಅವನು ತನ್ನ ಬೋಧಕರಿಗೆ ದಿನಕ್ಕೆ ಐದು ಗಂಟೆಯಾದರೂ ಓದಬೇಕು ಎಂದು ಕಟ್ಟು ಮಾಡಿದ್ದನ್ನು ಹೇಳುವುದಿಲ್ಲ. ಓದಿನ ರುಚಿ ನನಗಿಲ್ಲ ಎನ್ನುವವನಿಗೆ ಅವನ ಉತ್ತರ: ರೂಢಿ ಮಾಡಿ ರುಚಿ ಹತ್ತಿಸಿಕೋ, ಇಲ್ಲವಾದರೆ ನಿನ್ನ ಹಳೇ ಕಸುಬಿಗೆ ಹೋಗು. ಈ ನಿಯಮ ನಮ್ಮ ಜಿಲ್ಲೆಯಲ್ಲಿ ಬಂದರೆ ಎಷ್ಟು ಜನ ಕಸುಬಿಗೆ ಮರಳಬೇಕಾದೀತು, ನಾನು ಲೆಕ್ಕ ಹಾಕಲು ಹೋಗುವುದಿಲ್ಲ.

ನನಗೆ ಇಷ್ಟು ಸಿಟ್ಟು ಯಾಕೆ ಎಂದು ಹೇಳುತ್ತೇನೆ. ಕಾರವಾರದ ಕಡೆಯ ಒಂದು ಚರ್ಚು. ಭಾನುವಾರದ ಧರ್ಮೋಪದೇಶದ ತರಗತಿ. ಜಲಪ್ರಳಯದಲ್ಲಿ ನಾವೆ ಕಟ್ಟಿ ಪ್ರಾಣಿಗಳನ್ನು ಉಳಿಸಿದ ನೋಹನ ಕತೆ ನಡೆದಿತ್ತು. ಮೀನುಗಾರರ ಮನೆಯ ಹುಡುಗನೊಬ್ಬ ಎದ್ದು ಕೇಳಿದ: "ಟೀಚರ್, ನಲ್ವತ್ತು ದಿನ ಮಳೆ ಬಿದ್ರೆ ಸಮುದ್ರದ ನೀರು ಸಪ್ಪೆ ಆಗ್ತದಲ್ವಾ? ಮತ್ತೆ ಉಪ್ಪುನೀರಿನ ಮೀನು ಬದುಕಿದ್ದು ಹೇಗೆ?" ಮಳೆಗಾಲದಲ್ಲಿ ಕಾಳಿ ನದಿಯ ಕೆಂಪು ನೀರು ಸಮುದ್ರಕ್ಕೆ ನುಗ್ಗುವುದನ್ನು ಕಂಡ ಹುಡುಗ ಅವನು. ಎಂಥಾ ಪ್ರಶ್ನೆ! ಟೀಚರ್ ಹೇಳಿದ್ದು: "ಸುಮ್ನೆ ಕೂತ್ಕೋ. ದೇವರ ಮಾತಿಗೆ ಎದುರು ಪ್ರಶ್ನೆ ಕೇಳಬಾರದು." ಹುಡುಗ ಕೂತ. ಉಳಿದವರ ಜೊತೆ ಕಾಮನಬಿಲ್ಲಿಗೆ ಬಣ್ಣ ತುಂಬಿದ.

ನಾವೆಯಲ್ಲಿ ಯಾವ ಪ್ರಾಣಿ ಇರಬೇಕಿತ್ತು, ಯಾವುದು ಬೇಕಿರಲಿಲ್ಲ ಎಂದು ಸಂತ ಅಗಸ್ಟೀನ್ 1,600 ವರ್ಷಗಳ ಹಿಂದೆಯೇ ಕೂತು ಬರೆದಿದ್ದಾನೆ. ನೀರಿನಲ್ಲಿ ಬದುಕುವವಕ್ಕೆ ನಾವೆ ಬೇಕಿಲ್ಲ ಎಂದು ಬಿಡಿಸಿ ಹೇಳಿದ್ದಾನೆ. ನಮ್ಮ ಹುಡುಗ ಒಂದು ಹೆಜ್ಜೆ ಮುಂದೆ ಹೋಗಿ ಉಪ್ಪಿನ ಲೆಕ್ಕ ಕೇಳಿದ. ಸಂತನಿಗೆ ಬಂದರೆ ಪಾಂಡಿತ್ಯ, ಹುಡುಗನಿಗೆ ಬಂದರೆ ಅಧಿಕಪ್ರಸಂಗ!

ಹೀಗೆ ಬಾಯಿ ಮುಚ್ಚಿಸಿದ ಮಕ್ಕಳೇ ದೊಡ್ಡವರಾಗಿ ಎಂಜಿನಿಯರು, ನರ್ಸು ಆಗಿದ್ದಾರೆ. ಓದಿನಲ್ಲಿ ಒಬ್ಬರಿಗಿಂತ ಒಬ್ಬರು ಚುರುಕು. ಧರ್ಮದ ತಿಳಿವಳಿಕೆ ಮಾತ್ರ ಏಳನೇ ತರಗತಿಗೇ ನಿಂತಿದೆ. ಹತ್ತು ಜನರಿಗೆ ಕಳಿಸಿದರೆ ಶುಭ ಸುದ್ದಿ ಬರುತ್ತದೆ ಎಂಬ ವಾಟ್ಸಾಪ್ ಸಂದೇಶ ನನಗೆ ಬರುವುದು ಇವರಿಂದಲೇ. ಚರ್ಚಿನ ಪುಸ್ತಕದ ಕಪಾಟುಗಳನ್ನು ನೋಡಿದ್ದೀರಾ? ನಾನು ನೋಡಿದ ಒಂದರಲ್ಲಿ ಹಬ್ಬದ ಸೀರಿಯಲ್ ಲೈಟುಗಳಿದ್ದವು. ಪುಸ್ತಕಗಳು ಗೋಣಿಚೀಲದಲ್ಲಿ, ಗೆದ್ದಲಿನ ವಶ. ಹೊಸ ಗಂಟೆಗೋಪುರಕ್ಕೆ ದೇಣಿಗೆ ಎತ್ತಲು ಮನೆಮನೆಗೆ ಹೋಗುತ್ತೇವೆ. ಪುಸ್ತಕ ತರೋಣ ಎಂದರೆ ಮುಂದಿನ ವರ್ಷ ನೋಡೋಣ ಎನ್ನುತ್ತೇವೆ.

ಇದರಿಂದ ಏನು ನಷ್ಟ ಎನ್ನಬೇಡಿ. ನನ್ನ ಪರಿಚಯದ ಒಬ್ಬರು ಸ್ವಸ್ಥತೆಯ ಕೂಟವೊಂದರಲ್ಲಿ ಅತ್ತು ಹಗುರಾದರು. ವಾಸಿಯಾಯಿತು ಎಂದು ಮನಸ್ಸು ಹೇಳಿತಂತೆ. ಮನೆಗೆ ಬಂದು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರು. ಈಗ ಒಂದು ಕಾಲಿನ ಎರಡು ಬೆರಳಿಲ್ಲ. ಅವರ ಭಕ್ತಿ ಸುಳ್ಳು ಎಂದು ನಾನು ಹೇಳಲಾರೆ. ಪಕ್ಕದಲ್ಲಿ ಕೂತು ತಿಳಿಸಿ ಹೇಳುವ ಒಬ್ಬರೂ ಇರಲಿಲ್ಲವಲ್ಲ, ಅದು ನನ್ನ ಸಂಕಟ.

ಸಾಕ್ಷಿ ಬರಹ ಬೇಕು ಎಂದಿದ್ದೀರಿ. ಹಾಕೋಣ, ಕಳಿಸಿ. ಆದರೆ ಯಾವ ಕಾಯಿಲೆ, ಎಂದಿನಿಂದ, ಯಾವ ಡಾಕ್ಟರು ನೋಡಿದರು, ಔಷಧಿ ನಡೆದಿತ್ತೋ ಇಲ್ಲವೋ, ಅದನ್ನೂ ಬರೆಯಿರಿ. ಮತ್ತೆ ಅಕ್ಕೋರೇ, ನಿಮಗೀಗ ಭಾನುವಾರ ಬಿಡುವಿದೆ. ನಿಮ್ಮ ಚರ್ಚಿನ ಧರ್ಮೋಪದೇಶದ ತರಗತಿಗೆ ಹೋಗಿ ಕೂತು ಮಕ್ಕಳ ಪ್ರಶ್ನೆಗಳನ್ನು ಬರೆದು ಕಳಿಸಿ. ಅದಕ್ಕೆ ಪ್ರತಿ ತಿಂಗಳು ಒಂದು ಪುಟ ತೆಗೆದಿಡುತ್ತೇನೆ. ಉಪ್ಪಿನ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಯಾರಾದರೂ ಇದ್ದರೆ ಅವರೂ ಬರೆಯಲಿ.

— ಸಂ.