ಅಜ್ಜಿ ಕೈ ಮೇಲೆ ಕಲೆ ಇದೆ ಅಂದವ್ರಿಗೆ
ಮೈಸೂರಿನ ವೃದ್ಧಾಶ್ರಮದಲ್ಲಿರೋ ಅಜ್ಜಿ ರಟ್ಟೆ ಮೇಲೆ ಎರಡೂ ಕಡೆ ಬೆರಳಚ್ಚಿನ ಥರ ನೀಲಿ ಕಲೆ ಇದೆ, ಕೇಳಿದ್ರೆ ಅಜ್ಜಿ ಆಯಾ ಮುಖ ನೋಡ್ತಾರೆ, ಬಿದ್ರು ಅಂತ ಮ್ಯಾನೇಜರ್ ಹೇಳ್ತಾರೆ, ಯಾರಿಗೆ ದೂರು ಕೊಡೋದು ಅಂತ ಕೇಳಿದ್ರಿ. ಓದಿ ಹೊಟ್ಟೆ ಉರೀತು. ಬಿದ್ರೆ ಮೊಣಕೈ, ಮಂಡಿ, ಸೊಂಟಕ್ಕೆ ಏಟಾಗೋದು ಜಾಸ್ತಿ, ಎರಡೂ ರಟ್ಟೆ ಒಳಭಾಗದಲ್ಲಿ ಒಂದೇ ಥರ ಕಲೆ ಇದ್ರೆ ಗಟ್ಟಿಯಾಗಿ ಹಿಡಿದಿರೋ ಅನುಮಾನ ಬರುತ್ತೆ. ಆದ್ರೂ ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಸ್ವಲ್ಪ ಒತ್ತಿದ್ರೂ ಕಲೆ ಆಗ್ಬಹುದು, ಅದಕ್ಕೇ ಡಾಕ್ಟ್ರು ನೋಡ್ಲೇಬೇಕು.

ಇವತ್ತೇ ಫೋಟೋ ತೆಗೀರಿ, ಆಮೇಲೆ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ ಎಂಎಲ್‌ಸಿ (ಗಾಯ ಹೇಗಿದೆ ಅಂತ ಡಾಕ್ಟ್ರು ಪೊಲೀಸ್ ಕೇಸ್‌ಗೆ ಬೇಕಾದ ಹಾಗೆ ಬರೆದಿಡೋ ದಾಖಲೆ) ಮಾಡಿಸಿ, ಕಲೆ ಮಾಸಿದ್ಮೇಲೆ ಬರೀ ನಿಮ್ಮ ಬಾಯಿಮಾತು ಉಳಿಯುತ್ತೆ. ಅಜ್ಜಿ ಹತ್ರ ಒಬ್ರೇ ಕೂತು ಮಾತಾಡ್ಸಿ, ಆಯಾ ರೂಮಲ್ಲಿದ್ರೆ ಬಾಯಿ ಬಿಡಲ್ಲ.

ಎಲ್ಡರ್‌ಲೈನ್ 14567, ಹಿರಿಯರಿಗಂತಲೇ ಇರೋ ಉಚಿತ ಸಹಾಯವಾಣಿ, ಬೆಳಗ್ಗೆ 8ರಿಂದ ರಾತ್ರಿ 8ರ ತನಕ. ಈಗಲೇ ಹೊಡೀತಿದ್ದಾರೆ ಅನ್ನಿಸಿದ್ರೆ ಕಾಯ್ಬೇಡಿ, 112. ಪೊಲೀಸ್ರು ನಮ್ಮ ಲಿಮಿಟ್ಸ್ ಅಲ್ಲ ಅಂದ್ರೆ ಝೀರೋ ಎಫ್‌ಐಆರ್, ಅಂದ್ರೆ ಯಾವ ಠಾಣೆಯಲ್ಲಾದ್ರೂ ದಾಖಲಿಸ್ಬಹುದಾದ ಎಫ್‌ಐಆರ್ ಕೇಳಿ. ಜೊತೆಗೆ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೂ, ಡಿಸಿ ಅವ್ರಿಗೂ ಲಿಖಿತವಾಗಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳದೆ ಬರ್ಬೇಡಿ. ವಕೀಲ್ರ ಖರ್ಚಿಗೆ ಹೆದರ್ತಿದ್ರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ.

ನೀವು ದೂರು ಕೊಟ್ಟ ರಾತ್ರಿ ಅಜ್ಜಿ ಅಲ್ಲೇ ಮಲಗ್ಬಾರ್ದು, ಮೊದ್ಲು ಮನೆಗೆ ಕರ್ಕೊಂಡು ಬನ್ನಿ ದಯವಿಟ್ಟು.