ವೆಲ್ಲೆಸ್ಲಿ ಸೇತುವೆಗೆ ಕಮಾನು ಯಾಕಿಲ್ಲ?

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಮಕ್ಕಳ ಜೊತೆ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. ಕಾವೇರಿಯ ಮೇಲಿನ ಹಳೆಯ ವೆಲ್ಲೆಸ್ಲಿ ಸೇತುವೆಯಲ್ಲಿ ಒಂದೇ ಒಂದು ಕಮಾನಿಲ್ಲ, ಬರೀ ಕಲ್ಲುಕಂಬ. ನಮ್ಮೂರಲ್ಲಿ ತುಂಗೆಯ ಮೇಲಿನ ಕಮಾನು ಸೇತುವೆ ಎಷ್ಟು ಚಂದ! ಬ್ರಿಟಿಷರಿಗೆ ಕಮಾನು ಕಟ್ಟೋದು ಗೊತ್ತಿತ್ತಲ್ವಾ, ಅಲ್ಲಿ ಯಾಕೆ ಕಟ್ಟಲಿಲ್ಲ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹೆಸರು ಮಾತ್ರ ಬ್ರಿಟಿಷರದ್ದು, ಸೇತುವೆ ನಮ್ಮವರದ್ದೇ. 1799ರಲ್ಲಿ ಟಿಪ್ಪು ಸತ್ತ ಮೇಲೆ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಚಿಕ್ಕ ಮಗು, ರಾಜ್ಯದ ಕೆಲಸವೆಲ್ಲ ದಿವಾನ್ ಪೂರ್ಣಯ್ಯನವರ ಕೈಲಿತ್ತು. 1804ರಲ್ಲಿ ಇದನ್ನು ಕಟ್ಟಿಸಿದ್ದು ಅವರೇ. ಆಗಿನ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ಹೆಸರಿಟ್ಟರು. ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಬೇರೆ, ಅವನು ಇವನ ತಮ್ಮ.

ಕಟ್ಟಿದ ರೀತಿ ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ. ಹಳ್ಳ ದಾಟಲು ಅಡಿಕೆ ಮರ ಅಡ್ಡ ಹಾಕಿ ಸಂಕ ಮಾಡುತ್ತೀರಲ್ಲ, ಅದೇ ಲೆಕ್ಕ, ಮರದ ಬದಲು ಕಲ್ಲು. ಹೊಳೆಯ ತಳದ ಬಂಡೆಯಲ್ಲೇ ಕಂಬ ನಿಲ್ಲಿಸಿದ್ದಾರೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ, ಅದರ ಮೇಲೆ ದಾರಿ. ಬೋದಿಗೆ ಅಂದರೆ ಗೊತ್ತಲ್ವಾ? ಹಳೇ ತೊಟ್ಟಿಮನೆಯಲ್ಲಿ ಕಂಬ ಮತ್ತು ತೊಲೆ ಸೇರುವ ಕಡೆ, ಎರಡೂ ಬದಿಗೆ ಕೈ ಚಾಚಿದ ಹಾಗೆ ಒಂದು ಮರದ ತುಂಡು ಕೂತಿರುತ್ತದೆ, ಅದು.

ಅದು ಸುಮ್ನೆ ಅಂದಕ್ಕೆ ಇಟ್ಟಿದ್ದಲ್ಲ. ಕಲ್ಲನ್ನು ಎಷ್ಟು ಅದುಮಿದರೂ ತಡೆಯುತ್ತದೆ, ಜಗ್ಗಿದರೆ ತಡೆಯುವುದಿಲ್ಲ. ಅಡ್ಡ ಮಲಗಿಸಿದ ತೊಲೆಯ ಮೇಲೆ ಗಾಡಿ ಬಂದಾಗ ಅದರ ಮೇಲ್ಮೈ ಅದುಮಿಕೊಳ್ಳುತ್ತದೆ, ಕೆಳಗಿನ ಮೈ ಜಗ್ಗುತ್ತದೆ, ಹಾಗಾಗಿ ಬಿರುಕು ಶುರುವಾಗುವುದು ಕೆಳಗಿನಿಂದ, ಮತ್ತು ಕಲ್ಲು ಅಡಿಕೆ ಮರದ ಹಾಗೆ ಬಾಗಿ ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಮುರಿಯುತ್ತದೆ. ಅದಕ್ಕೇ ತೊಲೆ ಗಿಡ್ಡ, ಕಂಬಗಳು ಹತ್ತಿರ ಹತ್ತಿರ. ಬೋದಿಗೆ ಚಾಚಿಕೊಂಡಷ್ಟೂ ತೊಲೆ ದಾಟಬೇಕಾದ ದೂರ ಇನ್ನೂ ಕಡಿಮೆಯಾಗುತ್ತದೆ.

ಕಮಾನಿನಲ್ಲಿ ಕಲ್ಲುಗಳು ಒಂದನ್ನೊಂದು ಅದುಮಿಕೊಂಡೇ ನಿಲ್ಲುತ್ತವೆ, ಹಾಗಾಗಿ ಜಾಸ್ತಿ ದೂರ ದಾಟಬಹುದು. ಆದರೆ ಕಟ್ಟುವಾಗ ಕೆಳಗೆ ಮರದ ಆಸರೆ ಬೇಕು. ಕಮಾನು ಪಕ್ಕಕ್ಕೂ ತಳ್ಳುತ್ತದೆ, ಅದನ್ನು ತಡೆಯಲು ದಡದಲ್ಲಿ ದಪ್ಪ ಕಟ್ಟಡ ಬೇಕು. ಕಂಬದ ಸೇತುವೆಯಲ್ಲಿ ಭಾರವೆಲ್ಲ ನೇರ ಕೆಳಗೆ, ಬಂಡೆಗೆ. ಕಮಾನು ನಮ್ಮವರಿಗೆ ಬರುತ್ತಿರಲಿಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ, ಅದೇ ಊರಿನ ಜಾಮಿಯಾ ಮಸೀದಿಯಲ್ಲೇ ಕಮಾನುಗಳಿವೆ. ತಳದಲ್ಲಿ ಬಂಡೆ ಸಿಕ್ಕಿತು, ಕಂಬ, ಬೋದಿಗೆ, ತೊಲೆ ಕೆತ್ತುವುದು ದೇವಸ್ಥಾನ ಕಟ್ಟುವ ಕಲ್ಲುಕುಟಿಗರಿಗೆ ತಲೆತಲಾಂತರದ ಕೆಲಸ. ಪೂರ್ಣಯ್ಯನವರು ಸರಿಯಾದ ದಾರಿಯನ್ನೇ ಹಿಡಿದರು ಅಂತ ನನಗನ್ನಿಸುತ್ತದೆ. ನಿಮ್ಮೂರಿನ ಸೇತುವೆ ಬಹಳ ಆಮೇಲಿನದು, ಅದರ ಕಾಲವೇ ಬೇರೆ.

ಇದೇ ಪದ್ಧತಿಯ ಇನ್ನೂ ಹಳೆಯ ಸೇತುವೆ ನೋಡಬೇಕಾದರೆ ಮುಂದಿನ ರಜೆಗೆ ಹಂಪಿಗೆ ಹೋಗಿ. ಪುರಂದರ ಮಂಟಪದ ಹತ್ತಿರ ಹೊಳೆಯಲ್ಲಿ ಕಲ್ಲುಕಂಬಗಳ ಸಾಲು ಈಗಲೂ ನಿಂತಿದೆ, ಮೇಲಿನ ದಾರಿ ಹೋಗಿದೆ. ನಿಮ್ಮೂರು ದಾಟಿ ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿದ ತುಂಗೆಯೇ ಆ ಕಂಬಗಳ ನಡುವೆ ಹರಿಯುವುದು. ನೀರು ಕಡಿಮೆ ಇರುವಾಗಲೇ ಹೋಗಿ, ಇಲ್ಲದಿದ್ದರೆ ಕಂಬ ಪೂರ್ತಿ ಕಾಣುವುದಿಲ್ಲ.